ಫ್ಲೆಕ್ಸಿನಲ್ಲಿ ಉದ್ಯಮಿ, ಅರ್ಜಿಯಲ್ಲಿ ನಿರುದ್ಯೋಗಿ

ಕೆಲಸ ಸಿಗದೆ ಒಂದು ವರ್ಷ ಕಳೆಯುವುದು ಅಷ್ಟೇನೂ ಕಷ್ಟವಲ್ಲ. ನಾನು ಅದನ್ನು ಸಲೀಸಾಗಿ ಮಾಡಿ ತೋರಿಸಿದ್ದೇನೆ. ಕಷ್ಟವಾದದ್ದು ಅದನ್ನು ಸಾಬೀತು ಮಾಡುವುದು. ಪದವಿ ಮುಗಿಸಿ ಮನೆಯಲ್ಲಿ ಕೂತವರಿಗೆ ಸರಕಾರ ಕೊಡುವ ನಿರುದ್ಯೋಗ ಭತ್ಯೆ ನನಗೂ ಬರುತ್ತಿತ್ತು. ಇನ್ನಂಜೆಯಿಂದ ಉಡುಪಿಯ ಲೈಬ್ರರಿಗೆ, ಕಾರ್ಕಳದಲ್ಲೊಂದು ಸಂದರ್ಶನಕ್ಕೆ, ಅಲ್ಲಿ ಆಗದೆ ಮಣಿಪಾಲದಲ್ಲಿ ಇನ್ನೊಂದಕ್ಕೆ, ಅಕ್ಕನ ಮುಂದೆ ಕೈ ಚಾಚದೆ ಬಸ್ಸು ಹತ್ತುತ್ತಿದ್ದದ್ದು ಅದರ ದೆಸೆಯಿಂದಲೇ. ಎರಡನೇ ವರ್ಷಕ್ಕೂ ಅದು ಸಿಗಬೇಕಾದರೆ ಇನ್ನೂ ಕೆಲಸವಿಲ್ಲವೆಂದು ಬರೆದುಕೊಟ್ಟು, ದಾಖಲೆಗಳೊಂದಿಗೆ ಮಣಿಪಾಲದ ಕಚೇರಿಯಲ್ಲಿ ಹಾಜರಾಗಬೇಕಿತ್ತು.

ನನಗೆ ಧೈರ್ಯವಿತ್ತು. ಈ ಒಂದು ವಿಷಯದಲ್ಲಾದರೂ ನನ್ನ ಅರ್ಹತೆಯನ್ನು ಯಾರೂ ಪ್ರಶ್ನಿಸಲಾರರು ಎಂದುಕೊಂಡಿದ್ದೆ.

ಕೌಂಟರಿನಲ್ಲಿದ್ದ ಮೇಡಂ ಅಂಕಪಟ್ಟಿ ನೋಡಿದರು, ಆಧಾರ್ ನೋಡಿದರು, ಆಮೇಲೆ ನನ್ನ ಮುಖವನ್ನೇ ನೋಡಿದರು.

"ನಿಮ್ಮನ್ನು ಎಲ್ಲೋ ನೋಡಿದ ಹಾಗೆ ಉಂಟಲ್ಲ?"

"ಹೋದ ವರ್ಷವೂ ಬಂದಿದ್ದೆ ಮೇಡಂ."

"ಇಲ್ಲಿ ಅಲ್ಲ. ಕಾಪು ಪೇಟೆಯಲ್ಲಿ. ನಾನು ದಿನಾ ಅಲ್ಲೇ ಬಸ್ಸು ಹತ್ತುದು. ವಾಲಿಬಾಲ್ ಪಂದ್ಯಾಟದ ಫ್ಲೆಕ್ಸಿನಲ್ಲಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಯುವ ಉದ್ಯಮಿ ಅಂತ ಬರ್ದಿತ್ತು, ಅಲ್ವಾ?"

"ಅದು ಮಾವ ಹಾಕಿಸಿದ್ದು ಮೇಡಂ," ಎಂದೆ.

ಪಂದ್ಯಾಟಕ್ಕೆ ಶುಭ ಕೋರುವವರ ಮುಖಗಳನ್ನು ಸಾಲಾಗಿ ಅಚ್ಚು ಹಾಕಿಸುವುದು ನಮ್ಮ ಕಡೆ ಪಂದ್ಯಾಟಕ್ಕಿಂತ ದೊಡ್ಡ ಕೆಲಸ. ಮುಖದ ಕೆಳಗೆ ಏನಾದರೊಂದು ಬಿರುದು ಇರಲೇಬೇಕು. ಬರೀ ಹೆಸರು ಹಾಕಿದರೆ ಮನುಷ್ಯ ಬೋಳುಬೋಳಾಗಿ ಕಾಣುತ್ತಾನೆ. ಈ ಫ್ಲೆಕ್ಸ್ ಮಾಡಿಸಿದ್ದು ನನ್ನ ಮಾವ, ಅಮ್ಮನ ತಮ್ಮ. ಅವರ ತಲೆಯಲ್ಲಿ ನನ್ನ ಮದುವೆಯ ಯೋಚನೆ ಓಡುತ್ತಿತ್ತು. ಫ್ಲೆಕ್ಸ್ ಕಂಡು ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಾನು ಅದರ ಎದುರು ನಿಂತು ಸೆಲ್ಫಿ ತೆಗೆದುಕೊಂಡಿದ್ದೆ.

"ಹಾಕಿಸಿದವರಿಂದ ಬರೆಸಿ ತನ್ನಿ," ಎಂದರು ಮೇಡಂ. "ವ್ಯಾಪಾರ ಎಂತದೂ ಇಲ್ಲ ಅಂತ. ನಾಳೆ ಯಾರಾದರೂ ಆ ಫೋಟೊ ಹಿಡಿದು ದೂರು ಕೊಟ್ರೆ ನನ್ನ ತಲೆಗೆ ಬರ್ತದೆ."

ವಿಷಯ ಕೇಳಿ ಮಾವ ಕೆಂಡವಾದರು. "ನನ್ನ ಕೈಯಿಂದಲೇ ಅದನ್ನು ಬರೆಯುದಾ? ಎರಡು ಮನೆಗೆ ನಿನ್ನ ಜಾತಕ ಕೊಟ್ಟಾಯ್ತು ಮಾರಾಯ!"

"ಹಾಗಾದ್ರೆ ಒಂದು ಉದ್ಯಮ ಹಾಕಿ ಕೊಡಿ ಮಾವ."

ಮಾವ ಕಾಗದ ತರಲು ಹೇಳಿದರು.

ಬರೆದದ್ದಾಯಿತು. ಆದರೂ ಬರೀ ಕಾಗದದ ಮೇಲೆ ನಂಬಿಕೆ ಬಾರದೆ, ಮರುದಿನ ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ತಾವೇ ಜೊತೆಗೆ ಹೊರಟರು. ಮೇಡಂ ಅದನ್ನು ಓದಿ, "ನಿಜವಾಗಿಯೂ ಎಂತದೂ ಇಲ್ವಾ?" ಎಂದು ಕೇಳಿದ್ದೇ ತಡ, ಮಾವನ ಬಾಯಿ ಬಿಚ್ಚಿಕೊಂಡಿತು.

"ಎಂತದೂ ಇಲ್ಲ ಮೇಡಂ. ಏಳುದೇ ಒಂಬತ್ತಕ್ಕೆ. ಒಂದು ತೆಂಗಿನಕಾಯಿ ಸುಲಿ ಅಂದ್ರೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂರ್ತಾನೆ. ಉದ್ಯಮ ಅಂತೆ! ಗೂಡಂಗಡಿ ಹಾಕಿ ಕೊಟ್ರೆ ಎರಡೇ ದಿನದಲ್ಲಿ ಚಕ್ಕುಲಿ ಎಲ್ಲ ಇವನೇ ತಿಂದು ಮುಗಿಸ್ತಾನೆ."

ಹಿಂದೆ ಸಾಲಿನಲ್ಲಿದ್ದವರು ಕುತ್ತಿಗೆ ಉದ್ದ ಮಾಡಿದರು. ನಾನು ಪ್ರತಿ ಮಾತಿಗೂ ಹೌದೆಂದು ತಲೆಯಾಡಿಸಿದೆ. ಭತ್ಯೆ ಬೇಕಲ್ಲ! ಚಕ್ಕುಲಿಯ ಮಾತಿಗೆ ಮಾತ್ರ ಸ್ವಲ್ಪ ನೋವಾಯಿತು, ಅದು ನಿಜವಾದ್ದರಿಂದ.

"ಸಾಕು, ಸಾಕು," ಎಂದು ಮೇಡಂ ನಗು ತಡೆದುಕೊಂಡು ಮುದ್ರೆ ಒತ್ತಿದರು. "ಇನ್ನೊಂದು ವರ್ಷ ಬರ್ತದೆ."

ಉಡುಪಿಯಲ್ಲಿ ಬಸ್ಸು ಬದಲಿಸಿ ಮಾವನ ಪಕ್ಕ ಕೂತೆ. ಎದುರಿನ ಸೀಟಿನಲ್ಲಿದ್ದ ಅವರ ಪರಿಚಯದವರೊಬ್ಬರು ತಿರುಗಿ, "ಅಳಿಯ ಅಲ್ವಾ? ಎಂತ ಮಾಡಿಕೊಂಡಿದ್ದಾರೆ ಈಗ?" ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತ, ಈ ಸಲ ನನಗೆ ಯಾವ ಪಟ್ಟ ಸಿಗಬಹುದು ಎಂದು ಕಾದೆ.

"ಸದ್ಯಕ್ಕೆ ಕೆಲಸ ಇಲ್ಲ," ಎಂದರು ಮಾವ. "ಹುಡುಕ್ತಾ ಇದ್ದಾನೆ. ನಿಮ್ಮ ಕಡೆ ಎಂತದಾದ್ರೂ ಇದ್ರೆ ಹೇಳಿ."

ಒಂದು ವರ್ಷದಲ್ಲಿ ನಮ್ಮ ಮನೆಯವರು ಯಾರೂ ಗುರುತಿನವರೆದುರು ಆ ಮಾತು ಆಡಿರಲಿಲ್ಲ. ಆ ಮನುಷ್ಯ ಒಂದಿಷ್ಟೂ ಆಶ್ಚರ್ಯಪಡದೆ, ಜೇಬಿನಿಂದ ಪೆನ್ನು ತೆಗೆದು ನನ್ನ ನಂಬರ್ ಕೇಳಿದರು.