ಇವತ್ತಲ್ಲ ನಾಳೆ

ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇಂಗ್ಲಿಷ್ ಮಾತು ಕಲಿಸುತ್ತಿರುವ ಮೇಷ್ಟ್ರು ಈಗ ಯಾವ ನುಡಿಗಟ್ಟಿಗೂ ಥಟ್ಟನೆ ಅರ್ಥ ಹೇಳುವುದಿಲ್ಲ. ಮೊದಲು, "ಯಾರು ಹೇಳಿದ್ದು, ಯಾರ ಬಗ್ಗೆ?" ಎಂದು ಕೇಳುತ್ತಾರೆ.

ಆರು ವರ್ಷದ ಹಿಂದೆ ಹಾಗೆ ಕೇಳುತ್ತಿರಲಿಲ್ಲ. ಒಂದು ದಿನ 'ಟೈಮ್' ಪದವಿರುವ ನುಡಿಗಟ್ಟುಗಳ ಪಾಠ ನಡೆದಿತ್ತು. 'ಕಿಲ್ಲಿಂಗ್ ಟೈಮ್' ಎಂದರೆ ಕಾಲಹರಣ ಎಂದು ಅವರು ಹೇಳಿದಾಗ, "ಟೈಮನ್ನ ಕೊಂದ್ರೆ ಪೊಲೀಸ್ನೋರು ಹಿಡಿಯಲ್ವಾ ಮೇಷ್ಟ್ರೇ?" ಎಂದು ಎರಡನೇ ಬೆಂಚಿನಲ್ಲಿ ಕೂತಿದ್ದ ಕೆಳಗಿನ ಅಂಗಡಿಯ ಹೊಲಿಗೆಯಕ್ಕ ಎಲ್ಲರನ್ನೂ ನಗಿಸಿದ್ದಳು. ನಗು ನಿಂತ ಮೇಲೆ ಆಕೆಯೇ ಮತ್ತೆ ಕೇಳಿದಳು: "'ಓನ್ಲಿ ಎ ಮ್ಯಾಟರ್ ಆಫ್ ಟೈಮ್' ಅಂದ್ರೆ ಏನು?"

ಮೇಷ್ಟ್ರು ಬೋರ್ಡ್ ಒರೆಸುತ್ತಾ, ತಿರುಗಿಯೂ ನೋಡದೆ ಹೇಳಿದರು: "ಇವತ್ತಲ್ಲ ನಾಳೆ ಆಗೇ ಆಗುತ್ತೆ ಅಂತ."

"ಅಬ್ಬಾ, ಬದುಕಿಸಿದ್ರಿ!" ಎಂದಳು ಆಕೆ.

ಹದಿನೆಂಟು ದಿನಗಳ ನಂತರ ಮೆಟ್ಟಿಲು ಹತ್ತಿ ಬಂದಳು. ಅಂದು ಆಕೆ ಅರ್ಥ ಕೇಳಿದ್ದು ಆಸ್ಪತ್ರೆಯಲ್ಲಿದ್ದ ತನ್ನ ಗಂಡನ ಬಗ್ಗೆ ಡಾಕ್ಟರು ಆಡಿದ ಮಾತು ಎಂದು ಮೇಷ್ಟ್ರಿಗೆ ಗೊತ್ತಾದದ್ದು ಆಗಲೇ.

"ನೀವು ಹೇಳಿದ ಹಾಗೇ ಆಯ್ತು, ಹೋಗ್ಬಿಟ್ರು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಗುಣ ಆಗೇ ಆಗುತ್ತೆ ಅಂದ್ಕೊಂಡೆ. ಅಪ್ಪನ್ನ ನೋಡೋಕೆ ಊರಿಂದ ಹೊರಟು ನಿಂತಿದ್ದ ಮಗಳಿಗೆ, ಅಪ್ಪ ಮನೆಗೆ ಬಂದ್ಮೇಲೆ ಬಾರೇ ಅಂದ್ಬಿಟ್ಟೆ."

ಆಕೆಯ ಹೊಲಿಗೆ ಯಂತ್ರವನ್ನು ಈಗ ಬೇರೆ ಯಾರೋ ತುಳಿಯುತ್ತಾರೆ. ಕೆಳಗಿನಿಂದ ಅದರ ಸದ್ದು ಬಂದಾಗಲೆಲ್ಲ ಮೇಷ್ಟ್ರ ಕೈ ಬೋರ್ಡಿನ ಮೇಲೆ ನಿಲ್ಲುತ್ತದೆ. ಬೆನ್ನ ಹಿಂದೆ, ಎರಡನೇ ಬೆಂಚಿನಿಂದ, ಯಾರೋ "ಬದುಕಿಸಿದ್ರಿ" ಎಂದಂತಾಗಿ ತಿರುಗಿ ನೋಡುತ್ತಾರೆ.