ತಂಗಿಯನ್ನು ಕರೆತರಲು ತೊಲೇದೊಗೆ

ತೊಲೇದೊಗೆ ಹೋದವರೆಲ್ಲ ಮೊದಲು ಅಲ್ಲಿನ ದೊಡ್ಡ ಕ್ಯಾಥೆಡ್ರಲ್ ನೋಡುತ್ತಾರಂತೆ. ನಾನು ಅದನ್ನು ಹೊರಗಿನಿಂದಲೂ ಸರಿಯಾಗಿ ನೋಡಲಿಲ್ಲ. ಸ್ಪೇನ್ ದೇಶದ ಆ ಹಳೇ ಊರಿಗೆ ನಾನು ಹೋದದ್ದು ನನ್ನ ತಂಗಿಯನ್ನು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಬರಲು.

ತಂಗಿ ಅಲ್ಲಿ ನನ್, ಕ್ರೈಸ್ತ ಸನ್ಯಾಸಿನಿ. ಅವಳ ಮಠದಲ್ಲಿ ಒಮ್ಮೆ ಒಳಗೆ ಹೋದವರು ಹೊರಗೆ ಬರುವುದಿಲ್ಲ. ನೆಂಟರು ಹೋದರೂ ಕಂಬಿಯ ಆಚೆಯಿಂದಲೇ ಮಾತು. ನಾವಿಬ್ಬರೂ ಬೆಂಗಳೂರಿನ ಒಂದೇ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದಿದವರು. ನಾನು ಅಲ್ಲಿಂದ ಇಂಗ್ಲಿಷ್ ತೆಗೆದುಕೊಂಡು ಬಂದೆ, ಅವಳು ದೇವರನ್ನು ತೆಗೆದುಕೊಂಡಳು. ಹಳ್ಳಿಯ ಮನೆಯಲ್ಲಿ ಅಪ್ಪ ತೀರಿಕೊಂಡಾಗ ಬರಲಿಲ್ಲ, ಅಮ್ಮ ತೀರಿಕೊಂಡಾಗಲೂ ಬರಲಿಲ್ಲ. ಬರುವ ಹಾಗಿರಲಿಲ್ಲ. ಕ್ರಿಸ್‌ಮಸ್ಸಿಗೊಂದು ಫೋನ್, ಅಷ್ಟೇ.

ಹೋದ ಕ್ರಿಸ್‌ಮಸ್ಸಿನ ಫೋನಿನಲ್ಲಿ ಹೇಳಿದಳು: "ಅಕ್ಕ, ಈ ಮಠ ಮುಚ್ತಾರಂತೆ. ಇರೋರೆಲ್ಲ ಮುದುಕೀರು, ಹೊಸಬ್ರು ಯಾರೂ ಬರಾಕಿಲ್ಲ. ನಮ್ಮನ್ನ ಬ್ಯಾರೆ ಊರಿನ ಮಠಕ್ಕೆ ಸೇರುಸ್ತಾರೆ. ಬ್ಯಾಡ ಅಂದ್ರೆ ನಿಮ್ಮೂರಿಗೆ ಓಗ್ಬೌದು ಅಂತ ಏಳವ್ರೆ."

"ನೀನೇನಂದೆ?"

"ಇನ್ನೂ ಏನೂ ಅಂದಿಲ್ಲ."

"ನಾನೇ ಬರ್ತೀನಿ ಕಣೇ ಕರ್ಕೊಂಡು ಬರಕ್ಕೆ" ಎಂದೆ. ಆ ಕಡೆಯಿಂದ ಹೂಂ ಎಂದೂ ಬರಲಿಲ್ಲ, ಉಹೂಂ ಎಂದೂ ಬರಲಿಲ್ಲ. ಲೈನ್ ಕಟ್ಟಾಯಿತು. ನಾನು ಅದನ್ನು ಹೂಂ ಎಂದೇ ತಿಳಿದುಕೊಂಡು ಬೀದಿ ಕಡೆಯ ರೂಮಿಗೆ ಸುಣ್ಣ ಹೊಡೆಸಿದೆ.

ನನ್ನ ಯಜಮಾನರು ಹೋದ ಮೇಲೆ ನನಗೆ ಒಂದು ಥರದ ಮರಗಟ್ಟುವಿಕೆ ಬಂದುಬಿಟ್ಟಿದೆ. ಹಲ್ಲು ಕೀಳುವ ಮುಂಚೆ ಡೆಂಟಿಸ್ಟ್ ಇಂಜೆಕ್ಷನ್ ಕೊಡುತ್ತಾನಲ್ಲ, ತುಟಿ ಇದೆಯೆಂದು ಗೊತ್ತು, ಆದರೆ ಬೇರೆ ಯಾರದೋ ತುಟಿ ಎನ್ನಿಸುತ್ತದೆ, ಹಾಗೆ. ಅತ್ತದ್ದಿಲ್ಲ. ಊಟ, ಪ್ರಾರ್ಥನೆ, ಚರ್ಚು, ಬಿ.ಪಿ. ಮಾತ್ರೆ ಎಲ್ಲ ಕ್ರಮವಾಗಿ ನಡೆಯುತ್ತದೆ. ತಂಗಿ ಬಂದು ಪಕ್ಕದಲ್ಲಿ ಕೂತರೆ ಇದು ಬಿಡಬಹುದು ಎಂಬ ಒಂದೇ ಆಸೆ ಇತ್ತು.

ಒಬ್ಬಳೇ ಹೋಗಬೇಡವೆಂದು ಜೊತೆಗೆ ಹೊರಟವಳು ನನ್ನ ಬೋರ್ಡಿಂಗ್ ಗೆಳತಿ. ದೊಡ್ಡಬಳ್ಳಾಪುರ ಪೇಟೆಯ ಮುಸ್ಲಿಂ ಮನೆಯವಳು, ಬ್ಯಾಂಕಿನಲ್ಲಿದ್ದು ರಿಟೈರ್ ಆದವಳು. ನನಗಿಂತ ಬಾಯಿ ಜೋರು, ಮಂಡಿ ನೋವು ಕಮ್ಮಿ.

ಮಠದವರು ಭೇಟಿಗೆ ಕೊಟ್ಟಿದ್ದು ನಾವು ಹೋದ ಮಾರನೆಯ ದಿನ. ಮೊದಲ ದಿನ ಪೂರ್ತಿ ಖಾಲಿ. ಟೂರಿಸ್ಟರ ಕ್ಯೂ ನೋಡಿ ಗೆಳತಿ, "ನಕ್ಕೋ, ಬೇಡ ಬಾ, ತಿರುಪತಿ ಥರ ನಿಲ್ಲಕ್ಕೆ ಇಲ್ಲೀವರೆಗೂ ಬರಬೇಕಿತ್ತಾ?" ಎಂದು ನನ್ನನ್ನು ಪಕ್ಕದ ಓಣಿಗೆ ಎಳೆದಳು. ಹಾಗಾಗಿ ನಾವು ನೋಡಿದ್ದೆಲ್ಲ ಗೈಡ್‌ಗಳು ತೋರಿಸದ ಊರು.

ಮಠಗಳ ಹಿಂದಿನ ಓಣಿಗಳು ಇಬ್ಬರು ಒಟ್ಟಿಗೆ ನಡೆಯಲಾರದಷ್ಟು ಇಕ್ಕಟ್ಟು. ಒಂದು ಕಡೆ ಓಣಿಗೇ ಸೂರು ಹಾಕಿದ್ದಾರೆ. ಮೇಲೆ ಕಪ್ಪಾದ ಮರದ ತೊಲೆಗಳು, ಅದರ ಮೇಲೊಂದು ಕೋಣೆ, ಆ ಗೋಡೆಯಿಂದ ಈ ಗೋಡೆಗೆ. ನನ್‌ಗಳು ಬೀದಿಗೆ ಇಳಿಯದೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟಲಿ ಎಂದು ಯಾವ ಕಾಲದಲ್ಲೋ ಕಟ್ಟಿದ್ದು. ಕೆಳಗೆ ನಡು ಮಧ್ಯಾಹ್ನವೂ ಕತ್ತಲು, ತಂಪು.

ಗೆಳತಿ ತಲೆಯೆತ್ತಿ ನೋಡಿದಳು. "ನಮ್ಮಜ್ಜಿ ಪರದಾ ಹಾಕಿಕೊಂಡು ಬೀದಿಗೆ ಹೋಗ್ತಿದ್ರು. ಇವರು ಬೀದಿಗೇ ಪರದಾ ಹಾಕಿಬಿಟ್ಟವರೆ ಕಣೇ."

ನಾನು ನಕ್ಕೆ. ನಕ್ಕ ಸದ್ದು ಕೇಳಿಸಿತು, ಅಷ್ಟೇ.

ಇನ್ನೊಂದು ಇಳಿಜಾರಿನ ಕೊನೆಗೆ ಪುಟ್ಟದೊಂದು ಇಟ್ಟಿಗೆಯ ಮಸೀದಿ ಸಿಕ್ಕಿತು. ಸಾವಿರ ವರ್ಷ ಹಳೆಯದಂತೆ. ಆಮೇಲೆ ಅದರ ಬೆನ್ನಿಗೆ ಆಲ್ಟರ್ ಕಟ್ಟಿ ಚರ್ಚು ಮಾಡಿದ್ದಾರೆ, ಈಗ ಎರಡೂ ಅಲ್ಲ, ಟಿಕೆಟ್ ಕೊಟ್ಟು ನೋಡುವ ಜಾಗ. ಒಳಗೆ ತಲೆಯ ಮೇಲೆ ಒಂಬತ್ತು ಗುಮ್ಮಟ, ಒಂದರ ಚಿತ್ತಾರದಂತೆ ಇನ್ನೊಂದರದಿಲ್ಲ. ಗೆಳತಿ ಸೆರಗನ್ನು ತಲೆಗೆ ಎಳೆದುಕೊಂಡು ಸುಮ್ಮನೆ ನಿಂತಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಹೊರಗೆ ಬಂದ ಮೇಲೆ, "ಅಯ್ಯೋ, ಇದಕ್ಕಿಂತ ನಮ್ಮನೆ ಹಾಲ್ ದೊಡ್ಡದು" ಎಂದು ಮೂಗು ಒರೆಸಿಕೊಂಡಳು.

ಅಲ್ಲಿಂದ ಮುಂದೆ ಪಿಂಗಾಣಿ ಸಾಮಾನಿನ ಒಂದು ಅಂಗಡಿ. ನಾವು ಕೂರಲು ಜಾಗ ಹುಡುಕುತ್ತಿದ್ದುದನ್ನು ಕಂಡು ಅಂಗಡಿಯ ಹೆಂಗಸು ಒಳಗೆ ಕರೆದು ಸ್ಟೂಲ್ ಕೊಟ್ಟಳು. ನಂತರ ನೆಲದ ಹಲಗೆಯೊಂದನ್ನು ಎತ್ತಿ ಕೆಳಗೆ ನೋಡಿ ಎಂದು ಕೈಸನ್ನೆ ಮಾಡಿದಳು. ಕಲ್ಲಿನ ಮೆಟ್ಟಿಲು, ಕಮಾನು, ಬತ್ತಿದ ಬಾವಿ. ಆ ಊರಿನ ಮನೆಗಳ ಕೆಳಗೆಲ್ಲ ಹೀಗೇ ಇನ್ನೊಂದು ಊರು ಇದೆಯಂತೆ. ಮುಖಕ್ಕೆ ಬಂದ ಗಾಳಿಯ ವಾಸನೆ ನನಗೆ ಗೊತ್ತಿತ್ತು. ನಮ್ಮ ಹಳ್ಳಿಯಲ್ಲಿ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಹಗೇವಿನ ಬಾಯಿ ತೆಗೆದಾಗ ಬರುತ್ತಿದ್ದ ಅದೇ ಮುಗ್ಗಲು. ಕೆಟ್ಟ ಗಾಳಿ ಹೋಗುವವರೆಗೂ ಯಾರೂ ಇಳಿಯಬಾರದೆಂದು ಅಪ್ಪ ನಮ್ಮನ್ನು ದೂರ ನಿಲ್ಲಿಸುತ್ತಿದ್ದರು. ತಂಗಿ ಮಾತ್ರ ಹೊಟ್ಟೆಯ ಮೇಲೆ ಮಲಗಿ ಬಗ್ಗಿ ನೋಡುತ್ತಿದ್ದಳು. ನೆನಪು ಬಂತು, ಸ್ಪಷ್ಟವಾಗಿ ಬಂತು. ಯಾರದೋ ಮನೆಯ ಆಲ್ಬಮ್ ನೋಡಿದ ಹಾಗಿತ್ತು.

ಸಂಜೆಯ ಹೊತ್ತಿಗೆ ತಂಗಿಯ ಮಠದ ಬಾಗಿಲಿಗೇ ಬಂದಿದ್ದೆವು. ಭೇಟಿ ನಾಳೆಗೇ ಆದರೂ ಅಲ್ಲಿ ನನ್‌ಗಳು ಮಾಡುವ ಬಾದಾಮಿ ಮಿಠಾಯಿ ಮಾರುತ್ತಾರೆ, ಯಾರು ಬೇಕಾದರೂ ಕೊಳ್ಳಬಹುದು. ಕೊಡುವವರು ಕಾಣುವುದಿಲ್ಲ. ಗೋಡೆಯೊಳಗೆ ನಿಲ್ಲಿಸಿದ ಪೀಪಾಯಿಯಂಥ ಒಂದು ಮರದ ತಿರುಗಣೆ, ಒಂದೇ ಪಕ್ಕ ತೆರೆದದ್ದು. ಗಂಟೆ ಎಳೆದು ದುಡ್ಡಿಟ್ಟರೆ ಒಳಗಿನವರು ತಿರುಗಿಸುತ್ತಾರೆ, ಮಿಠಾಯಿ ಡಬ್ಬಿ ಹೊರಗೆ ಬರುತ್ತದೆ.

ಗಂಟೆ ಎಳೆದೆ. ಒಳಗಿನಿಂದ ತಗ್ಗಿದ ದನಿ: "ಆವೇ ಮರೀಯಾ..." ಅದರ ಮುಂದೆ ಇನ್ನೊಂದು ಪದ.

ಮೇರಿ ಮಾತೆಯ ಹೆಸರು ಕಿವಿಗೆ ಬಿದ್ದದ್ದೇ ತಡ, ನಾವು ಬೋರ್ಡಿಂಗಿನ ಹುಡುಗಿಯರು, ಇಬ್ಬರ ಬೆನ್ನೂ ನೆಟ್ಟಗಾಯಿತು, ಕೈ ಕೂಡಿಕೊಂಡಿತು. "ಹೇಲ್ ಮೇರಿ, ಫುಲ್ ಆಫ್ ಗ್ರೇಸ್" ಎಂದು ನಾನು ಶುರುಮಾಡಿದೆ. ಪಕ್ಕದಲ್ಲಿ ಗೆಳತಿಯ ಗಂಟಲೂ ಸೇರಿತು. ಅವಳಿಗೆ ಬೋರ್ಡಿಂಗಿನಲ್ಲಿ ದಿನಾ ಕೇಳಿ ಕೇಳಿ ಬಾಯಿಪಾಠ. ನಿಲ್ಲಿಸುವುದು ಹೇಗೆಂದು ತಿಳಿಯದೆ ಆಮೆನ್‌ವರೆಗೂ ಹೇಳಿ ಮುಗಿಸಿದೆವು. ತಿರುಗಣೆ ತಿರುಗಲಿಲ್ಲ.

ಹಿಂದೆ ನಿಂತಿದ್ದ ಮುದುಕರೊಬ್ಬರು ನಗು ತಡೆದುಕೊಂಡು ಮುಂದೆ ಬಂದು ಎರಡು ಮೂರು ಪದ ಹೇಳಿದರು. ಅದು ಅಲ್ಲಿನ ವಾಡಿಕೆಯ ಉತ್ತರವಂತೆ, ನಮ್ಮಲ್ಲಿ ಒಳಗಿನಿಂದ "ಯಾರದು" ಎಂದರೆ "ನಾನು" ಎನ್ನುವ ಹಾಗೆ. ಆಮೇಲೆ ತಿರುಗಣೆ ತಿರುಗಿತು. ಡಬ್ಬಿ ಬಂತು.

"ನಮ್ಮ ಬೋರ್ಡಿಂಗ್ ಸಿಸ್ಟರ್ ಇದ್ದಿದ್ರೆ ಇಬ್ಬರಿಗೂ ವೆರಿ ಗುಡ್ ಹಾಕಿರೋರು" ಎಂದಳು ಗೆಳತಿ.

ಮರುದಿನ ಮಧ್ಯಾಹ್ನ ಒಬ್ಬಳೇ ಒಳಗೆ ಹೋದೆ. ಬರಿಯ ಕೋಣೆ, ಎರಡು ಕುರ್ಚಿ, ನಡುವೆ ಗೋಡೆಯಗಲದ ಕಬ್ಬಿಣದ ಕಂಬಿ. ಆಚೆಯ ಬಾಗಿಲು ತೆರೆದು ಒಬ್ಬ ಮುದುಕಿ ಬಂದಳು. ಅಮ್ಮನ ಹಣೆ, ಅಮ್ಮನ ಹಾಗೆಯೇ ಎಡಗಾಲು ಎಳೆಯುವುದು. ಮನೆ ಬಿಟ್ಟು ಹೋದ ಇಪ್ಪತ್ತರ ಹುಡುಗಿಗಾಗಿ ನನ್ನ ಕಣ್ಣು ಅವಳ ಬೆನ್ನ ಹಿಂದೆ ಹುಡುಕಿತು.

"ಅಕ್ಕ, ದಪ್ಪ ಆಗಿದ್ದೀಯ" ಎಂದಳು.

"ನೀನು ಕುಳ್ಳಿ ಆಗಿದ್ದೀಯ."

"ನಿನ್ನೆ ಆ ಪ್ರಾರ್ಥನೆ ನಿಂದೇ ಅಲ್ವಾ? ಒಳಗೆ ಎಲ್ಲಾರೂ ಬಿದ್ದು ಬಿದ್ದು ನಕ್ರು."

"ನಿಂಗೆ ಹೇಗೆ ಗೊತ್ತು?"

"ನಾನೇ ಇದ್ನಲ್ಲ ತಿರುಗಣೆ ಹತ್ರ. ಮೊದಲ್ನೇ ಮಾತಿಗೇ ದನಿ ಗೊತ್ತಾಯ್ತು."

"ಮತ್ತೆ ಅಕ್ಕ ಅನ್ನಬಾರದಿತ್ತೇನೇ?"

ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿನ್ನ ದಿನ ಇವತ್ತಲ್ವಾ?" ಎಂದಳು. ಕೊಂಕಿಲ್ಲ, ಬಿಗುಮಾನವಿಲ್ಲ. ಭಾನುವಾರ ಭಾನುವಾರವೇ ಎಂದ ಹಾಗೆ. ಕೇಳಬೇಕಾದ್ದಕ್ಕೆ ಉತ್ತರ ನನಗೆ ಆಗಲೇ ಸಿಕ್ಕಿತ್ತು. ಆದರೂ ಅಷ್ಟು ದೂರ ಹೋದದ್ದು ಕೇಳುವುದಕ್ಕೆ ತಾನೆ.

"ನಡಿಯೇ ಊರಿಗೆ. ರೂಮ್ ರೆಡಿ ಇದೆ. ಚರ್ಚು ನಡ್ಕೊಂಡು ಹೋಗೋ ಅಷ್ಟು ದೂರ."

ಅವಳು, ನಮ್ಮೂರ ಹತ್ತಿರದ ಮಾಕಳಿದುರ್ಗದ ಬೆಟ್ಟದ ಬಂಡೆ ಮಳೆ ಬಿದ್ದರೆ ಈಗಲೂ ಕರ್ರಗಾಗುತ್ತದಾ ಎಂದು ಕೇಳಿದಳು. ಆಗುತ್ತದೆ, ಆದರೆ ಭಾನುವಾರ ಟ್ರೆಕ್ಕಿಂಗಿನವರ ಬಣ್ಣಬಣ್ಣದ ರೇನ್‌ಕೋಟೇ ಜಾಸ್ತಿ ಕಾಣುತ್ತದೆ ಎಂದೆ. ತಲೆಯಾಡಿಸಿದಳು.

"ಒಳಗೆ ನಂಗಿಂತ ದೊಡ್ಡೋರು ಅವ್ರೆ ಅಕ್ಕ. ಒಬ್ರಿಗೆ ಕಣ್ಣಿಲ್ಲ. ಇನ್ನೊಬ್ರಿಗೆ ಎದ್ದು ಕೂರಾಕೆ ಆಗಲ್ಲ, ನಾನೇ ಎತ್ತಿ ಕೂರುಸ್ಬೇಕು. ಬ್ಯಾರೆ ಮಠದಾಗೆ ಅವ್ರಿಗೆ ನಾನೊಬ್ಳೇ ಗುರ್ತು. ಬಿಟ್ಟು ಎಂಗೆ ಬರ್ಲಿ?"

"ನಾನು?" ಎಂದೆ. ಬಾಯಿ ತಪ್ಪಿ ಬಂದದ್ದು.

ಅವಳು ಕಂಬಿಯ ಸಂದಿಯಿಂದ ಕೈ ತೂರಿಸಿ ಹೆಬ್ಬೆರಳಿನಿಂದ ನನ್ನ ಹಣೆಗೆ ಶಿಲುಬೆ ಹಾಕಿದಳು. ನಾವು ಬೋರ್ಡಿಂಗಿಗೆ ಹೊರಡುವಾಗ ಅಮ್ಮ ಹಾಕುತ್ತಿದ್ದರು. ಬೆರಳು ಸೋಪಿನಿಂದ ಒರಟಾಗಿತ್ತು, ಬಾದಾಮಿಯ ವಾಸನೆ ಇತ್ತು. ಈಗ, ಈಗ ಏನಾದರೂ ಆಗಬೇಕು ಎಂದು ಕಾದೆ. ಆಗಲಿಲ್ಲ. "ನಿಂಗೆ ಜನ ಅವ್ರೆ ಅಕ್ಕ" ಎಂದಳು. ಗಂಟೆ ಹೊಡೆಯಿತು. ಎದ್ದಳು. ಬಾಗಿಲಲ್ಲಿ ತಿರುಗಿ ನೋಡಿದಳೋ ಇಲ್ಲವೋ, ನಾನು ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ.

ಗೆಳತಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿದವಳೇ ಬ್ಯಾಗು ಇಸಿದುಕೊಂಡಳು. ನದಿ ಕಾಣುವ ಒಂದು ಮೋಟು ಗೋಡೆಯವರೆಗೂ ನಡೆದೆವು.

"ಒಂದ್ಸಲ ಅತ್ತುಬಿಡೇ."

"ಬರ್ತಿಲ್ಲ ಕಣೇ."

"ಹಂಗಾದ್ರೆ ತಿನ್ನು" ಎಂದು ಬ್ರೆಡ್ಡು ಮುರಿದು ಕೊಟ್ಟಳು. ತಿಂದೆ.

ಆಗಲೇ ಊರಿನಿಂದ ತಮ್ಮನ ಮಗಳ ಫೋನ್ ಬಂತು. ಬೆಂಗಳೂರಿನ ಏರ್‌ಪೋರ್ಟಿನಿಂದ ನಮ್ಮನ್ನು ಮನೆಗೆ ಕರೆದೊಯ್ಯಲು ಬರುವವಳು ಅವಳೇ.

"ಅತ್ತೆ, ಚಿಕ್ಕತ್ತೆ ಸಿಕ್ಕಿದ್ರಾ? ಲಗೇಜ್ ಎಷ್ಟಿರುತ್ತೆ? ಪಕ್ಕದ ಮನೆಯವರ ಇನ್ನೋವಾ ಕೇಳಿಟ್ಟಿದ್ದೀನಿ."

"ಬೇಡಮ್ಮ, ಬೇಡ ಅಂತ ಹೇಳಿಬಿಡು ಅವರಿಗೆ" ಎಂದೆ. "ನಿನ್ನ ಸಣ್ಣ ಕಾರೇ ತಗೊಂಡು ಬಾ. ನಾವಿಬ್ಬರೇ."