ವಕೀಲರ ಉಳಿದರ್ಧ ಸಿನಿಮಾ

ಒಂದು ಸಿನಿಮಾದ ಕೊನೆಯ ಅರ್ಧಕ್ಕೆ ನಾನು ಕೊಟ್ಟ ಬೆಲೆ ಒಂದು ತೂಗುದೀಪ. ಹಿತ್ತಾಳೆಯದು, ಸರಪಳಿ ಸಮೇತ, ರಾಮದುರ್ಗದ ಕಡೆಯ ಹಳೇ ವಾಡೆಯೊಂದರಿಂದ ಬಂದದ್ದು. ಬೆಂಗಳೂರಿನ ಗಿರಾಕಿ ಅದಕ್ಕೆ ಚೌಕಾಶಿ ಇಲ್ಲದೆ ದುಡ್ಡು ಕೊಡುತ್ತಿದ್ದ. ಅದನ್ನು ಪುಣೆಯ ವ್ಯಾಪಾರಿಯೊಬ್ಬನಿಗೆ ಕೊಟ್ಟು, ಮೇಲೆ ಹೆಸರೂ ಬರೆದಿರದ ಒಂದು ಡಿಸ್ಕ್ ತಂದೆ. ಸುದ್ದಿ ತಿಳಿದು ಬೈಲಹೊಂಗಲದ ಪೇಟೆಯ ನಾಲ್ಕು ಜನ ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ನೋಡಲು ಅಂಗಡಿಗೇ ಬಂದರು. ಹಳೇ ಸಾಮಾನಿನ ಧಂದೆಯಲ್ಲಿ ನಾನು ಸೈಕಲ್ಲಿನ ಮೇಲೆ ಊರೂರು ಸುತ್ತಿ ಮೇಲೆ ಬಂದವನು. ನಷ್ಟದ ವ್ಯಾಪಾರ ಮಾಡಿ ಗೊತ್ತಿಲ್ಲ. ಇದೂ ನಷ್ಟದ್ದಲ್ಲ. ಅದು ತಿಳಿಯಬೇಕಾದರೆ ವಕೀಲ ಸಾಹೇಬರ ಬೆರಳುಗಳಿಂದ ಶುರು ಮಾಡಬೇಕು.

ಹಂಚಿನಿಂದ ತೆಗೆದ ಬಿಸಿ ರೊಟ್ಟಿಯನ್ನು ಹಿಡಿದಂತೆ ಅವರು ಡಿಸ್ಕ್ ಹಿಡಿಯುತ್ತಿದ್ದರು. ತೋರುಬೆರಳು ನಡುವಿನ ತೂತಿನಲ್ಲಿ, ಹೆಬ್ಬೆರಳು ಅಂಚಿಗೆ, ಮೈಗೆ ಮಾತ್ರ ಏನೂ ತಾಗದು. ಉದ್ದನೆಯ ಬಿಳುಪು ಬೆರಳುಗಳು. ನಡುಬೆರಳಿನ ಮೇಲೆ ಪೆನ್ನು ಹಿಡಿದು ಹಿಡಿದು ಎದ್ದ ಗಂಟು. ನಾನು ಮೊದಲ ಸಲ ಕಂಡಾಗ ಆ ಬೆರಳುಗಳು ಕಪಾಟಿನ ಮುಂದೆ ಒಂದೊಂದೇ ಡಬ್ಬಿಯ ಬೆನ್ನು ಸವರುತ್ತ ಹೋಗುತ್ತಿದ್ದವು. ಕಣ್ಣು ಮಾತ್ರ ಕಿಟಕಿಯ ಕಡೆಗಿತ್ತು. ಕಾಚಬಿಂದು ಎಂಬ ಕಣ್ಣಿನ ರೋಗ ಅವರ ನೋಟವನ್ನು ಪೂರಾ ತಿಂದು ಒಂದು ವರ್ಷದ ಮೇಲಾಗಿತ್ತು.

ನನ್ನನ್ನು ಕರೆಸಿದವರು ಅವರ ಹೆಂಡತಿ, ನಾವೆಲ್ಲ ಬಾಯಾರು ಎನ್ನುತ್ತಿದ್ದವರು. ಮೂರು ಸಾಗವಾನಿ ಕಪಾಟು, ಗಾಜಿನ ಬಾಗಿಲು, ಒಳಗೆ ದೇಶದೇಶದ ಹಳೇ ಸಿನಿಮಾಗಳು. ಪಡಸಾಲೆಯಲ್ಲಿ ನನ್ನನ್ನು ಬದಿಗೆ ಕರೆದು ಸಣ್ಣ ದನಿಯಲ್ಲಿ ಹೇಳಿದರು.

"ದಿನಾ ಮಧ್ಯಾಹ್ನ ಕಪಾಟ ತಗೀತಾರ, ಒಂದೊಂದ ಕೈಯಾಗ ಹಿಡೀತಾರ, ತಿರುಗಿ ಇಡ್ತಾರ. ನನಗ ನೋಡ್ಲಿಕ್ಕೆ ಆಗೂದಿಲ್ಲ ಸಾವಕಾರ್ರ. ಎಲ್ಲಾ ಒಯ್ದುಬಿಡ್ರಿ."

ಒಳಗಿನಿಂದ ಸಾಹೇಬರ ದನಿ ಬಂತು. "ಎಷ್ಟಕ್ಕ ಕೇಳ್ತಾನ?"

ನಾನು ರೇಟು ಹೇಳಿದೆ.

"ಕಪಾಟಿಗೋ, ಸಿನಿಮಾಕ್ಕೋ?"

"ಎರಡೂ ಕೂಡೇರಿ ಸಾಹೇಬ್ರ."

"ಕಪಾಟು ಸಾಗವಾನಿ ಅಂತ ನಿನಗ ಗೊತ್ತದ. ಸಿನಿಮಾ ಏನಂತ ಗೊತ್ತದ?"

"ಪ್ಲಾಸ್ಟಿಕ್ ಅದಾವ್ರಿ."

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. "ಕೋರ್ಟಿನಾಗ ಇಷ್ಟ ಖರೇ ಹೇಳೋ ಸಾಕ್ಷಿ ನನಗ ಒಬ್ಬನೂ ಸಿಗಲಿಲ್ಲ. ಕೂಡು."

ಕೂತೆ. ನಡುವಿನ ಕಪಾಟಿನ ಮೇಲಿನ ಅರೆಯನ್ನು, ಅಂದರೆ ಮೇಲಿನ ಖಾನೆಯನ್ನು, ತೋರಿಸಿ ತಮ್ಮ ಕಥೆ ಹೇಳಿದರು. ಬೈಲಹೊಂಗಲ, ಸವದತ್ತಿ ಕೋರ್ಟುಗಳಲ್ಲಿ ಜೀವನವೆಲ್ಲ ಹೊಲದ ಪಾಲಿನ, ಗಂಡಹೆಂಡತಿ ಜಗಳದ ದಾವೆ ನಡೆಸಿದವರು ಅವರು. ಕಕ್ಷಿದಾರರ ಅಳಿಯನೋ ಮಗನೋ ಹೊರದೇಶದಲ್ಲಿದ್ದರೆ, ಬರುವಾಗ ಇಂಥ ಸಿನಿಮಾ ತಾ ಎಂದು ಹೇಳಿ ಕಳಿಸಿ ಇಷ್ಟು ಕೂಡಿಹಾಕಿದ್ದರು. ಕೆಲವನ್ನು ನೋಡಿದ್ದರು. ಆ ಮೇಲಿನ ಅರೆಯವನ್ನು ಮಾತ್ರ ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದೆ, ವಕೀಲಿ ಬಿಟ್ಟ ಮೇಲೆ ಸಾವಕಾಶ ನೋಡುವುದೆಂದು ತೆಗೆದಿಟ್ಟಿದ್ದರು. ಅಷ್ಟರಲ್ಲಿ ಕಣ್ಣು ಹೋಯಿತು.

"ಇವು ಮುಗಿಯೋತನಕ ಕಪಾಟು ಇಲ್ಲೇ ಇರ್ತಾವ. ರವಿವಾರ ಮಧ್ಯಾಹ್ನ ನೀ ಬರಬೇಕು. ನೀ ನೋಡಬೇಕು, ನಾ ಕೇಳಬೇಕು. ಆಮ್ಯಾಲ ಎಲ್ಲಾ ನಿಂದ. ಕಬೂಲ ಅದ ಏನು?"

ನಾನು ಲೆಕ್ಕ ಹಾಕಿದೆ. ಸಾಗವಾನಿ ಕೊಳೆಯುವುದಿಲ್ಲ, ವರ್ಷಕ್ಕೆ ವರ್ಷ ರೇಟು ಏರುತ್ತದೆ. ರವಿವಾರ ಮಧ್ಯಾಹ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಮುಂಗಡ ಕೊಟ್ಟು ಎದ್ದೆ.

ಮೊದಲ ರವಿವಾರವೇ ತೊಡಕು. ಹಳೆಯದು ಕೆಟ್ಟ ಮೇಲೆ ಅವರು ತಂದಿಟ್ಟಿದ್ದ ದುಬಾರಿ ಪ್ಲೇಯರ್ ಹೊರದೇಶದ ಡಿಸ್ಕನ್ನು ಒಳಗೆ ತೆಗೆದುಕೊಂಡು ಹೊರಗೆ ಉಗುಳಿತು. ಆ ಕಂಪನಿ ಮಾಲುಗಳಿಗೆ ಆಯಾ ದೇಶದ್ದೇ ಡಿಸ್ಕ್ ಬೇಕು. ನಾನು ನನ್ನ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹೆಸರಿಲ್ಲದ ಅಗ್ಗದ ಪ್ಲೇಯರ್ ತಂದು ಹಚ್ಚಿದೆ. ಅದು ಯಾವ ದೇಶದ್ದನ್ನು ಕೊಟ್ಟರೂ ಓಡಿಸಿತು.

"ಇದಕ್ಕ ಯಾವ ಕಾಯ್ದೆನೂ ಗೊತ್ತಿಲ್ಲ ನೋಡು," ಎಂದರು ಸಾಹೇಬರು. "ಅದಕ್ಕ ಕೆಲಸ ಮಾಡ್ತದ."

ಬಾಯಾರು ಧಾರವಾಡದಲ್ಲಿ ಬಿ.ಎ. ಓದಿದವರು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ಓದಿ ಕನ್ನಡದಲ್ಲಿ ಹೇಳುವುದು ಅವರ ಪಾಲಿಗೆ. ನನಗೆ ಇಂಗ್ಲಿಷು ಅಂಗಡಿಯ ಬೋರ್ಡು ಓದುವಷ್ಟು. ಹಾಗಾಗಿ ಮೇಲಿನ ಚಿತ್ರ ನನ್ನ ಪಾಲಿಗೆ. ಅವರು ಅಕ್ಷರದಿಂದ ಕಣ್ಣು ಎತ್ತುವಂತಿಲ್ಲ, ನಾನು ಚಿತ್ರದಿಂದ ಇಳಿಸುವಂತಿಲ್ಲ. ಸಿನಿಮಾ ಮುಗಿದ ಮೇಲೆ ಅವರು ನನ್ನನ್ನು ಕೇಳುವರು, "ಆ ಹುಡುಗಿ ನೋಡ್ಲಿಕ್ಕೆ ಹೆಂಗಿದ್ಲು?" ನಾನು ಅವರನ್ನು ಕೇಳುವೆ, "ಆಕಿ ಅಳಾಕತ್ತಿದ್ದು ಯಾಕ್ರಿ?" ಪೂರಾ ಸಿನಿಮಾ ಗೊತ್ತಿರುತ್ತಿದ್ದುದು ಕಣ್ಣಿಲ್ಲದ ಒಬ್ಬರಿಗೆ ಮಾತ್ರ.

ಮೊದಲ ಚಿತ್ರ ಶುರುವಾದಾಗ ನಾನು ಅಂದೆ, "ಭಾಳ ಚಂದ ಐತ್ರಿ ಸಾಹೇಬ್ರ."

"ಚಂದ ಅನ್ನೋದು ತೀರ್ಪು. ಅದು ನನಗ ಬಿಡು. ಕಂಡದ್ದಷ್ಟ ಹೇಳು."

"ಊರ ತುಂಬ ಬರ್ಫ ಬಿದ್ದು ಬೆಳ್ಳಗೈತ್ರಿ. ಹತ್ತಿ ಅಂಡಗಿ ಒಡದು ಚೆಲ್ಲಿದಂಗ."

"ಹೊಲದಾಗಿನ ಹತ್ತಿನೋ, ಮಾರ್ಕೆಟ್ ಯಾರ್ಡಿನ ಹತ್ತಿನೋ?"

ನಾನು ಮತ್ತೆ ನೋಡಿದೆ. "ಯಾರ್ಡಿಂದ್ರಿ. ಹೊಲಸಾಗೇತಿ. ಮ್ಯಾಲ ಗಾಡಿ ಹಾದಾವ."

ಅವರು ಕುರ್ಚಿಗೆ ಒರಗಿ, "ಈಗ ಕಾಣಸ್ತು," ಎಂದರು.

ಅವತ್ತಿನಿಂದ ನನ್ನ ಪಾಟೀಸವಾಲು ಶುರುವಾಯಿತು. ಗುಡ್ಡ ಎಂದರೆ ಹೂಲಿಯ ಗುಡ್ಡದಂತೆ ಬೋಳೋ, ಗಿಡ ಇದೆಯೋ. ಗುಡಿಯಂಥದ್ದು ಎಂದರೆ ದೇಗಾಂವದ ಗುಡಿಯ ಹಾಗೆ ಕಲ್ಲು ಕೆತ್ತಿದ್ದೋ, ಗಿಲಾವು ಬಳಿದದ್ದೋ. ಒಮ್ಮೆ ಪರದೆಯ ಮೇಲೆ ಮುದುಕನೊಬ್ಬ ಕುರ್ಚಿಯಲ್ಲಿ ಕೂತಿದ್ದ.

"ಕುರ್ಚಿಗೆ ಒಂದು ಕಾಲ ಬದಲಿ ಹಾಕ್ಯಾರ್ರಿ. ಬಣ್ಣ ಬ್ಯಾರೆ ಐತಿ."

"ಅಂದ್ರ ಬಡವರ ಮನಿ."

"ಅಲ್ರಿ. ಬರೇ ಬಡವ್ರಾಗಿದ್ರ ಇಟ್ಟಂಗಿ ಇಟ್ಟು ಕುಂಡ್ರತಿದ್ರು. ಇವ್ರು ಮರ್ಯಾದಿ ಇಟ್ಟುಕೊಂಡವ್ರು."

"ಇದೂ ತೀರ್ಪ ಆತು. ಇರಲಿ, ದಾಖಲ ಮಾಡಿಕೊಂಡೆ."

ಬಾಯಾರಿಗೂ ಪಾಟೀಸವಾಲು ತಪ್ಪುತ್ತಿರಲಿಲ್ಲ. ಒಂದು ಸಿನಿಮಾದಲ್ಲಿ ಹೆಂಡತಿ ಗಂಡನ ಮೇಲೆ ಸಿಟ್ಟಾಗಿದ್ದಳು. ಬಾಯಾರು ಓದಿದರು, "ಆಕಿ ಅಂತಾಳ, ನಿಮ್ಮ ತಾಯಿ ಮುಂದ ಈ ಮನ್ಯಾಗ ನನ್ನ ಮಾತು ಒಂದೂ ನಡೀಲಿಲ್ಲ."

"ಇದು ಕೆಳಗ ಬರದದ್ದೋ, ನಿನ್ನ ಸ್ವಂತದ್ದೋ?"

"ಬರದದ್ದ ಅದ. ಬೇಕಾದ್ರ ಸಾವಕಾರ್ರನ್ನ ಕೇಳ್ರಿ."

"ಅವಗ ಇಂಗ್ಲಿಷ್ ಬರೂದಿಲ್ಲ ಅಂತ ಧೈರ್ಯದ್ಲೆ ಹೇಳ್ತಿ."

ಹೀಗೆ ಮೇಲಿನ ಅರೆ ಖಾಲಿಯಾಗುತ್ತ ಬಂತು. ನಾನು ಕಪಾಟನ್ನು ನೋಡುವುದನ್ನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ. ಆದರೆ ಧಂದೆಗೆ ಇದರಿಂದ ಆದ ಲಾಭ ನೆನಪಿದೆ. ಗಿರಾಕಿಗೆ "ಫಸ್ಟ್ ಕ್ಲಾಸ್ ಮಾಲು" ಎನ್ನುವುದನ್ನು ಬಿಟ್ಟು, "ಈ ಬಾಗಿಲಿಗೆ ಕೆಳಗೆ ಹುಳ ಬಿದ್ದಿದೆ, ಮೇಲಿನ ಕೆತ್ತನೆ ಗಟ್ಟಿ" ಎಂದು ಕಂಡದ್ದಷ್ಟೇ ಹೇಳಲು ಕಲಿತೆ. ಕಿತ್ತೂರಿನಿಂದಲೂ ಗಿರಾಕಿಗಳು ಹುಡುಕಿಕೊಂಡು ಬರತೊಡಗಿದರು.

ಕೊನೆಗೆ ಒಂದೇ ಉಳಿಯಿತು. ಅದನ್ನು ಅವರು ಬೇಕೆಂದೇ ಕೊನೆಗೆ ಇಟ್ಟಿದ್ದರು. ಪುಣೆಯಲ್ಲಿ ಲಾ ಓದುವಾಗ ಗೆಳೆಯರೆಲ್ಲ ಕೂಡಿ ಪರದೇಶದ ಸಿನಿಮಾ ತರಿಸಿ ನೋಡುತ್ತಿದ್ದರಂತೆ. ಆ ಚಿತ್ರದಲ್ಲಿ ಹೆಂಗಸೊಬ್ಬಳು ಗಂಡನೊಡನೆ ಜಗಳವಾಡಿ, ಮನೆಗೆ ಕೀಲಿ ಹಾಕಿ, ದೋಣಿ ಹತ್ತುತ್ತಾಳೆ. ಅಷ್ಟಕ್ಕೆ ಕರೆಂಟು ಹೋಯಿತು, ಬರಲಿಲ್ಲ. ಮರುದಿನ ಸಿನಿಮಾದ ಡಬ್ಬಿಗಳು ಬೇರೆ ಊರಿಗೆ ಹೋದವು.

"ಆಮ್ಯಾಲ ಎಷ್ಟೋ ಗಂಡಹೆಂಡತಿ ಕೇಸು ನಡಸಿದೆ," ಎಂದರು. "ಪ್ರತಿ ಸಲ ನನಗ ಆ ದೋಣಿ ನೆನಪಾಗ್ತಿತ್ತು. ಆಕಿ ತಿರುಗಿ ಬಂದ್ಲೋ ಇಲ್ಲೋ? ಅದೊಂದು ತಿಳದ್ರ ನನ್ನ ದಫ್ತರ ಮುಚ್ಚಿದಂಗ."

ಪ್ಲಾಸ್ಟಿಕ್ ಬಿಚ್ಚಿದೆ. ಡಿಸ್ಕನ್ನು ಬೆಳಕಿಗೆ ಹಿಡಿದಾಗ ಅಂಚಿನುದ್ದಕ್ಕೂ ಚಹಾ ಕಲೆಯಂಥ ಕಂದು ಬಳೆ ಕಂಡಿತು. ಏನೋ ಇರಬೇಕೆಂದು ಹಾಕಿದೆ. ಚೆನ್ನಾಗಿಯೇ ಓಡಿತು. ಜಗಳ ಆಯಿತು, ಕೀಲಿ ಹಾಕಿದಳು, ದೋಣಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಒರೆಸಿ ಹಾಕಿದೆ, ಅಂಗಡಿಯಿಂದ ಇನ್ನೊಂದು ಅಗ್ಗದ ಪ್ಲೇಯರ್ ತಂದು ನೋಡಿದೆ. ಅಲ್ಲಿಗೇ ನಿಂತಿತು. ಡಿಸ್ಕಿನಲ್ಲಿ ಸಿನಿಮಾ ಒಳಗಿನಿಂದ ಹೊರಗೆ ಹೋಗುತ್ತದೆ. ಕೊಳೆತ ಹತ್ತುವುದು ಹೊರಗಿನ ಅಂಚಿಗೆ. ಅವರಿಗೆ ಬೇಕಾದ ಭಾಗವೇ ಹೋಗಿತ್ತು.

ಸಾಹೇಬರು ಖಾಲಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮುಚ್ಚಿದರು. ಆಮೇಲೆ, "ಮತ್ತ ಕರೆಂಟ್ ಹೋತು ನೋಡು," ಎಂದರು. ನಗಲಿಲ್ಲ.

ಬಾಗಿಲವರೆಗೆ ಬಂದ ಬಾಯಾರು ಚಪ್ಪಲಿ ಮೆಟ್ಟುತ್ತಿದ್ದ ನನಗೆ ಹೇಳಿದರು, "ಡಾಕ್ಟರು ಹಾರ್ಟ್ ಭಾಳ ಸೋತದ ಅಂದಾರ. ಎಲ್ಲ್ಯಾರ ಸಿಕ್ಕರ ನೋಡ್ರಿ."

ಮಗಳ ಕೈಯಲ್ಲಿ ಇಂಟರ್‌ನೆಟ್ಟಿನಲ್ಲಿ ಹುಡುಕಿಸಿದೆ. ಸಿಗಲಿಲ್ಲ. ಹಳೇ ಸಾಮಾನಿನವರಿಗೆಲ್ಲ ಫೋನು ಹಚ್ಚಿದೆ. ಹುಬ್ಬಳ್ಳಿಯವನು ಇಲ್ಲ ಎಂದ, ಕೊಲ್ಹಾಪುರದವನು ನಕ್ಕ. ಪುಣೆಯವನ ಹತ್ತಿರ ಯಾರೋ ಹಳೇ ಟೇಪಿನಿಂದ ಇಳಿಸಿಕೊಂಡ ಡಿಸ್ಕ್ ಇತ್ತು. ನನ್ನ ದನಿಯಲ್ಲಿ ಗರಜು ಇರುವುದು ಅವನಿಗೆ ಗೊತ್ತಾಯಿತು, ಅವನೂ ವ್ಯಾಪಾರಿಯೇ. ತೂಗುದೀಪ ಕೇಳಿದ. ಕೊಟ್ಟೆ.

ಮುಂದಿನ ರವಿವಾರ ಹಾಕಿ, ದೋಣಿ ಬರುವ ತನಕ ಮುಂದೆ ಓಡಿಸಿದೆವು. ದೋಣಿ ಹೊರಟಿತು. ಬಾಯಾರು ಚಷ್ಮಾ ಸರಿ ಮಾಡಿಕೊಂಡು ಕಾದರು.

"ಕೆಳಗ ಏನೂ ಇಲ್ಲಲ್ರಿ," ಎಂದರು.

ಅಕ್ಷರವೇ ಇರಲಿಲ್ಲ. ಬರೀ ಆ ದೇಶದ ಮಾತು. ನಾನು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ.

"ನಡೀಲಿ," ಎಂದರು ಸಾಹೇಬರು. "ಸಾಕ್ಷಿ ಇದ್ದಾನಲ್ಲ."

ನಾನು ಹೇಳುತ್ತ ಹೋದೆ. ಆಕೆ ಶಹರದಲ್ಲಿ ಇಳಿದಳು. ಯಾರದೋ ಮನೆಯಲ್ಲಿ ಅರಿವೆ ಒಗೆದಳು. ಚಳಿ ಬಂತು. ಅಲ್ಲಿಗೆ ನನ್ನ ಮಾತು ತಡವರಿಸತೊಡಗಿತು. ಸಾಮಾನು, ಮನೆ, ಬೀದಿ ಆದರೆ ನಾನು ಹೇಳಬಲ್ಲೆ. ಪರದೆಯ ತುಂಬ ಆಕೆಯ ಮುಖ ಒಂದೇ ಬಂದು ನಿಂತಿತು. "ಹೆಣ್ಣಮಗಳು ಸುಮ್ಮ ನಿಂತಾಳ್ರಿ," ಎಂದೆ, ಮುಂದೆ ತೋಚಲಿಲ್ಲ.

"ಸುಮ್ಮ ನಿಂತಿಲ್ಲ," ಎಂದರು ಬಾಯಾರು.

ಓದಲು ಏನೂ ಇಲ್ಲದೆ ಅವರು ಮೊದಲ ಸಲ ಚಿತ್ರ ನೋಡುತ್ತಿದ್ದರು. ಚಷ್ಮಾ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡರು. "ಹೋಗಬೇಕು ಅಂತದ ಮನಸು. ಹೆಂಗ ಹೋಗಲಿ ಅಂತದ. ಕೆಳಗಿನ ತುಟಿ ಒಳಗ ಕಚ್ಚಿ ಹಿಡದಾಳ. ಈಗ ಬಿಟ್ಲು. ಹೊಂಟ್ಲು ನೋಡ್ರಿ."

ಕೊನೆಯ ತನಕ ಅವರೇ ಹೇಳಿದರು. ಅದೇ ನದಿ, ಅದೇ ಮನೆ. ಗಂಡ ಹೊರಗಿನ ಬೆಂಚಿನ ಮೇಲೆ ಕೂತು ಬಟಾಟೆ ಸುಲಿಯುತ್ತಿದ್ದಾನೆ. ತಲೆ ಎತ್ತಿ ನೋಡುತ್ತಾನೆ.

"ಏನಂದಾ?" ಸಾಹೇಬರ ದನಿ ಸಣ್ಣದಾಗಿತ್ತು.

"ಏನೂ ಅನ್ನಲಿಲ್ಲ. ಸರದು ಕೂತ. ಆಕಿಗೆ ಜಾಗಾ ಆಗೂವಷ್ಟು."

"ನಕ್ಕನೇನು?"

"ಇಲ್ಲ. ಸರದು ಕೂತ. ಅಷ್ಟ. ಆಕಿ ಚೀಲ ಕೆಳಗಿಟ್ಟು ಕೂತ್ಲು. ತಾನೂ ಒಂದು ಬಟಾಟಿ ತಗೊಂಡ್ಲು."

ಸಿನಿಮಾ ಮುಗಿಯಿತು. ನನ್ನನ್ನು ಇಷ್ಟು ವಾರ ಸವಾಲು ಹಾಕಿ ಹಾಕಿ ಹಣ್ಣು ಮಾಡಿದ ಮನುಷ್ಯ ಒಂದೂ ಸವಾಲು ಹಾಕಲಿಲ್ಲ. ಬಾಯಾರ ಕಡೆ ಮುಖ ತಿರುಗಿಸಿ, "ಆ ಕಡೀದು ಇನ್ನೊಮ್ಮೆ ಹೇಳು," ಎಂದರು. ಬಾಯಾರು ಹೇಳತೊಡಗಿದರು. ನಾನು ಎದ್ದು ಹೊರಗೆ ಬಂದೆ.

ಆ ಹಂಗಾಮಿನ ಕಬ್ಬಿನ ಟ್ರ್ಯಾಕ್ಟರುಗಳು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆ ಸಾಲು ಹಿಡಿದಿದ್ದ ದಿನಗಳಲ್ಲಿ ಸಾಹೇಬರು ತೀರಿಕೊಂಡರು. ಹೂಲಿಯಲ್ಲಿ ಒಂದು ಮನೆಯ ಕಂಬ ನೋಡುತ್ತಿದ್ದಾಗ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ. ಕರಾರು ಕರಾರೇ ಎಂದು ಬಾಯಾರು ಕಪಾಟುಗಳನ್ನು ಒಯ್ಯಲು ಹೇಳಿದರು. ಒಯ್ದೆ, ಒಳ್ಳೆಯ ರೇಟಿಗೆ ಮಾರಿದೆ. ಸಾಹೇಬರು ಇದ್ದಿದ್ದರೆ ಇನ್ನೂ ಹೆಚ್ಚು ಕೇಳು ಎನ್ನುತ್ತಿದ್ದರು. ಡಿಸ್ಕುಗಳನ್ನು ಮಾರಲಿಲ್ಲ. ಈಗಲೂ ರವಿವಾರ ಒಂದೊಂದನ್ನು ಒಯ್ಯುತ್ತೇನೆ. ಬಾಯಾರು ರಿಮೋಟ್ ನನ್ನ ಕೈಗೆ ಕೊಟ್ಟು, "ಅಕ್ಷರ ತಗದುಬಿಡ್ರಿ, ನಾ ನೋಡಬೇಕು," ಎನ್ನುತ್ತಾರೆ.

ಓದುವ ನಿಮಗೂ ಒಂದೆರಡು ಮಾತು ಹೇಳಿ ಬಿಡುತ್ತೇನೆ, ಪುಕ್ಕಟೆ. ಡಿಸ್ಕುಗಳಿದ್ದರೆ ನಿಲ್ಲಿಸಿ ಇಡಿ, ಮಲಗಿಸಬೇಡಿ. ಒರೆಸುವಾಗ ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ತಿರುಗಿಸಬೇಡಿ. ಮುಂದೆ ನೋಡೋಣ ಎಂದು ಬಿಚ್ಚದೆ ಇಟ್ಟದ್ದು ಏನೇ ಇರಲಿ, ಇವತ್ತೇ ಬಿಚ್ಚಿ. ಮನೆಯಲ್ಲಿ ಕಣ್ಣು ಮಂದವಾದ ಹಿರಿಯರಿದ್ದರೆ ಟೀವಿ ಹಚ್ಚಿಟ್ಟು ಎದ್ದು ಹೋಗಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಯಾರದೋ ಮದುವೆಯ ವಿಡಿಯೋ ಆದರೂ ನಡೆಯುತ್ತದೆ. ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದಾರೆ, ಬೀಗರ ಕೈಯಲ್ಲಿ ಏನಿದೆ, ಊಟದ ಪಂಕ್ತಿಯಲ್ಲಿ ಯಾರು ಯಾರ ಮಗ್ಗುಲಿಗೆ ಕೂತಿದ್ದಾರೆ, ಕಂಡದ್ದಷ್ಟು ಹೇಳಿ. ಅವಸರ ಮಾಡಬೇಡಿ, ಅವರು ಕೇಳಿದ್ದಕ್ಕೆ ಮತ್ತೊಮ್ಮೆ ನೋಡಿ ಉತ್ತರ ಕೊಡಿ. ಗಂಟಲು ಒಣಗುತ್ತದೆ, ಒಂದು ತಂಬಿಗೆ ನೀರು ಹತ್ತಿರ ಇಟ್ಟುಕೊಳ್ಳಿ.